ಬಾಶಾ ಎಂಬ ಗೋಡೆ

ನಿನ್ನೆ ರಾತ್ರಿ ನಿದ್ದೆ ಬಾರದೆ ಫ್ರೆಂಚ್ ಫುಟ್‌ಬಾಲ್ ಲೀಗ್‌ನ ಹಳೆಯ ಪಂದ್ಯಗಳನ್ನು ನೋಡುತ್ತಾ ಕೂತಿದ್ದೆ. 2013ರ ಲೀಲ್ ತಂಡ. ಗೋಲ್‌ಕೀಪರ್ ವಿನ್ಸೆಂಟ್ ಎನ್ಯೆಮಾ ಆಗ ಸತತ 11 ಲೀಗ್ ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಎಲ್ಲರ ಬಾಯಲ್ಲೂ ಅವನದೇ ಹೆಸರು, ಅದು ಸರಿಯೇ. ನನ್ನ ಕಣ್ಣು ಮಾತ್ರ ಅವನ ಮುಂದೆ ನಿಂತಿದ್ದ ರಕ್ಷಣಾ ಆಟಗಾರ ಮಾರ್ಕೊ ಬಾಶಾನನ್ನೇ ಹಿಂಬಾಲಿಸುತ್ತಿತ್ತು.

ಬಾಶಾ ಹುಟ್ಟಿದ್ದು 1982ರಲ್ಲಿ, ಸರ್ಬಿಯಾದ ತ್ರ್ಸ್ತೆನಿಕ್‌ನಲ್ಲಿ. 2006ರಲ್ಲಿ ಮಾಂಟೆನೆಗ್ರೊ ಸರ್ಬಿಯಾದಿಂದ ಬೇರ್ಪಟ್ಟು ಬೇರೆ ದೇಶವಾಯಿತು. ಹುಟ್ಟಿದ ನೆಲ ಒಂದು ಕಡೆ ಉಳಿಯಿತು, ಅವನು ತೊಟ್ಟ ಜೆರ್ಸಿ ಇನ್ನೊಂದು ಕಡೆಯದ್ದು. ಏಳು ಲಕ್ಷ ಜನರೂ ಇಲ್ಲದ ಆ ಪುಟ್ಟ ದೇಶಕ್ಕೆ ಅವನು ಆಡಿದ. ಅಂಥ ಆಯ್ಕೆಯ ಹಿಂದೆ ಮನೆಯಲ್ಲಿ ಎಷ್ಟು ಮಾತುಕತೆ ನಡೆದಿರಬಹುದು ಎಂದು ಯೋಚಿಸುತ್ತಲೇ ಇದ್ದೇನೆ.

ಕ್ಲಬ್ ಮಟ್ಟದಲ್ಲಿ ಬೆಲ್‌ಗ್ರೇಡ್‌ನ ಓಎಫ್‌ಕೆ, ಫ್ರಾನ್ಸಿನ ಲೆ ಮಾನ್ಸ್, ಮಾಸ್ಕೋದ ಲೋಕೊಮೋಟಿವ್. 2011ರಿಂದ ಲೀಲ್. ಅಲ್ಲೇ ಅವನ ಅತ್ಯುತ್ತಮ ವರ್ಷಗಳು ಎಂದು ನನ್ನ ಎಣಿಕೆ. ಡೆನ್ಮಾರ್ಕಿನ ಸಿಮೋನ್ ಕ್ಯಾರ್ ಜೊತೆಗೂಡಿ ಕಟ್ಟಿದ ಆ ರಕ್ಷಣೆಯ ಬಲದಿಂದ 2013-14ರಲ್ಲಿ ತಂಡ ಮೂರನೇ ಸ್ಥಾನಕ್ಕೇರಿತು.

ಗೋಲು ಹೊಡೆದವನ ವಿಡಿಯೊ ಸಾವಿರ ಸಿಗುತ್ತದೆ. ಎದುರಾಳಿಗೆ ಚೆಂಡು ಸಿಗುವ ಮುನ್ನವೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಮುಚ್ಚಿದವನದ್ದನ್ನು ಯಾರು ಕತ್ತರಿಸಿ ಹಾಕುತ್ತಾರೆ? ಅದಕ್ಕೇ ಒಂದು ಪಂದ್ಯವನ್ನು ಪೂರ್ತಿ, ಬರೀ ಅವನನ್ನೇ ನೋಡಿದೆ. ಮುಗಿದಾಗ ಗಂಟೆ ಎರಡೂವರೆ.