ಸಾಕಿದವರು ಯಾರು?

ರಾತ್ರಿ 3 ಗಂಟೆಗೆ ಎಚ್ಚರ. ಕಾಲಿನ ಗಿಣ್ಣಿನ ಮೇಲೆ, ಸರಿಯಾಗಿ ಮೂಳೆ ಉಬ್ಬಿರುವ ಕಡೆಯೇ ಒಂದು ದದ್ದು. ಕೆರೆದಷ್ಟೂ ಹಿತ, ಬಿಟ್ಟರೆ ಇನ್ನೂ ಜಾಸ್ತಿ ಉರಿ. ತುರಿಕೆ ಬರುವುದು ಸೊಳ್ಳೆ ಬಿಟ್ಟು ಹೋದ ಎಂಜಲಿಗೆ ನಮ್ಮ ಮೈ ಮಾಡುವ ರಂಪದಿಂದ, ಕೆರೆದರೆ ರಂಪ ಹೆಚ್ಚುತ್ತೆ ಅಂತ ಗೊತ್ತು, ಆದರೆ ಉಗುರು ಸುಮ್ನಿರಬೇಕಲ್ವಾ? ಕೊನೆಗೆ ಐಸನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಒತ್ತಿ ಹಿಡಿದೆ. ಆಗ ನಿದ್ದೆ ಬಂತು.

ಬೆಳಿಗ್ಗೆ ನೋಡಿದರೆ ಹೂಕುಂಡದ ಕೆಳಗಿನ ತಟ್ಟೆಯಲ್ಲಿ ನೀರು. ಅದರಲ್ಲಿ ತಲೆಕೆಳಗಾಗಿ ನೇತಾಡುವ ಸಣ್ಣ ಸಣ್ಣ ಹುಳುಗಳು, ಬೆರಳಿನ ನೆರಳು ಬಿದ್ದಿದ್ದೇ ತಡ ಎಲ್ಲಾ ಕುಣಿಯುತ್ತಾ ತಳಕ್ಕೆ! ಸೆಕೆಗಾಲದಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಅಂದರೆ ಇಷ್ಟು ದಿನ ನಾನೇ ನೀರು ಹಾಕಿ ಸಾಕಿದ್ದೇನೆ.

ತಟ್ಟೆ ಉಜ್ಜಿ ಬೋರಲು ಹಾಕಿದ್ದೇನೆ. ಇವತ್ತು ಫ್ಯಾನ್ ಕಾಲಿನ ಕಡೆಗೆ.