ವೆಬ್‌ಸೈಟ್ ಯಾವುದರಲ್ಲಿ ಮಾಡಲಿ ಎಂದು ಕೇಳುವವರಿಗೆ

ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: ‘ನನ್ನದೇ ಒಂದು ವೆಬ್‌ಸೈಟ್ ಮಾಡಬೇಕು ಎಂದಿದೆ. ಯಾವುದರಲ್ಲಿ ಮಾಡಿದರೆ ಒಳ್ಳೆಯದು?’ ಇಲ್ಲಿ ಮುಂಬಯಿಯ ಕಡೆ, ಡೊಂಬಿವಲಿಯ ಮದುವೆಯೂಟದಲ್ಲಿ ಎಲೆಯ ಮುಂದೆ ಕೂತಾಗ ಕೇಳುತ್ತಾರೆ. ಮಾಟುಂಗದಲ್ಲಿ ಕಾರ್ಯಕ್ರಮ ಮುಗಿದು ನಾನು ಚಪ್ಪಲಿ ಹುಡುಕುವಾಗ ಕೇಳುತ್ತಾರೆ. ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಒಂಟಿಕಾಲಿನಲ್ಲಿ ನಿಂತಿದ್ದಾಗಲೂ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದರ ಕೊಂಡಿ ಕಳಿಸುತ್ತೇನೆ. ಬೇಸರಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ.

ನಾನು ಇಂಜಿನಿಯರ್ ಅಲ್ಲ. ಮಸ್ಜಿದ್ ಬಂದರಿನ ಒಂದು ಸಾರಿಗೆ ಕಂಪನಿಯಲ್ಲಿ ಲೆಕ್ಕ ಬರೆಯುವವನು. ವೆಬ್‌ಸೈಟ್ ಮಾಡಲು ಕಲಿತದ್ದು ರಾತ್ರಿ ಊಟವಾದ ಮೇಲೆ, ತಪ್ಪು ಮಾಡಿ ಮಾಡಿ. ಮೊದಲನೆಯದನ್ನು ಮಾಡಿದಾಗ ಸಂಭ್ರಮದಲ್ಲಿ ವಿಳಾಸವನ್ನು ಉಡುಪಿಯ ಮಾವನಿಗೂ ಕಳಿಸಿದ್ದೆ. ‘ಬಹಳ ಚೆನ್ನಾಗಿ ಬಂದಿದೆ’ ಎಂದು ಉತ್ತರವೂ ಬಂತು. ಎರಡು ವಾರದ ಮೇಲೆ ತಿಳಿಯಿತು, ನಾನು ಕಳಿಸಿದ್ದ ವಿಳಾಸ ಸಿ ಡ್ರೈವ್ ಎಂದು ಶುರುವಾಗುತ್ತಿತ್ತು. ಅಂದರೆ ಅದು ನನ್ನ ಮನೆಯ ಕಂಪ್ಯೂಟರಿನ ಒಳಗಿನ ಒಂದು ಕಡತ. ಮಾವ ಏನನ್ನು ನೋಡಿ ಹೊಗಳಿದರೋ ದೇವರಿಗೇ ಗೊತ್ತು. ಇಂಥ ಮನುಷ್ಯನ ಹತ್ತಿರ ಸಲಹೆ ಕೇಳುತ್ತಿದ್ದೀರಿ ಎಂಬುದು ನೆನಪಿರಲಿ.

ಪ್ರಶ್ನೆಗಿಂತ ಅದಕ್ಕೆ ಅಂಟಿಕೊಂಡು ಬರುವ ಬಾಲ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ‘ನಿಮಗಾದರೆ ಐದು ನಿಮಿಷದ ಕೆಲಸ.’ ಐದು ನಿಮಿಷದಲ್ಲಿ ಡೊಂಬಿವಲಿಯ ಪ್ಲಾಟ್‌ಫಾರ್ಮ್ ದಾಟಲಿಕ್ಕೂ ಆಗುವುದಿಲ್ಲ. ಇನ್ನೊಂದು ಬಾಲ, ‘ಎಲ್ಲಕ್ಕಿಂತ ಒಳ್ಳೆಯದು ಯಾವುದು?’ ಏನು ಹಾಕುತ್ತೀರಿ ಎಂದು ಕೇಳಿದರೆ, ‘ಅದನ್ನು ಆಮೇಲೆ ನೋಡೋಣ’ ಎನ್ನುತ್ತಾರೆ. ಇಡ್ಲಿಯೋ ಪಾಯಸವೋ ಗೊತ್ತಿಲ್ಲ, ಪಾತ್ರೆಯ ಅಂಗಡಿಯಲ್ಲಿ ಮಾತ್ರ ಬೆಳಗಿನಿಂದ ನಿಂತಿದ್ದಾರೆ.

ಸರಿ, ಉತ್ತರ. ಒಂದು ಪುಟ, ಎರಡು ಪುಟ, ಹೆಚ್ಚೆಂದರೆ ಹತ್ತು ಪುಟ ಸಾಕು ಎನ್ನುವವರು ವೆಬ್ ಪುಟ ಬರೆಯುವ ಗುರುತುಗಳ ಭಾಷೆಯಾದ ಎಚ್‌ಟಿಎಂಎಲ್ ಕಲಿತು, ವಿಂಡೋಸ್ ಜತೆಗೇ ಬರುವ ಸಾದಾ ನೋಟ್‌ಪ್ಯಾಡಿನಲ್ಲೇ ಬರೆಯಿರಿ. ಒಂದು ಭಾನುವಾರ ಸಾಕು. ಗಿಟ್‌ಹಬ್ ಪೇಜಸ್ ಅಥವಾ ನಿಯೋಸಿಟೀಸ್‌ನಲ್ಲಿ ಆ ಪುಟಗಳನ್ನು ಪುಕ್ಕಟೆಯಾಗಿ ಇಡಬಹುದು. ವಾರಕ್ಕೊಂದು ಬರೆಯುತ್ತೇನೆ, ಕೋಡ್ ಕಂಡರೆ ತಲೆನೋವು ಎನ್ನುವವರಿಗೆ ವರ್ಡ್‌ಪ್ರೆಸ್ ಇದೆ. 2003ರಿಂದ ಇದೆ, ನಿಮ್ಮ ತಾಪತ್ರಯವನ್ನೂ ತಡೆದುಕೊಳ್ಳುತ್ತದೆ. ಅದರ ಹೆಸರಿನ ಮುಂದೆ ಡಾಟ್ ಕಾಮ್ ಎಂದಿದ್ದರೆ ಒಂದು ಕಂಪನಿಯ ಸೇವೆ, ಡಾಟ್ ಆರ್ಗ್ ಎಂದಿದ್ದರೆ ನೀವೇ ತಂದು ಕೂರಿಸಿಕೊಳ್ಳುವ ತಂತ್ರಾಂಶ. ಎರಡನ್ನೂ ಒಂದೇ ಎಂದುಕೊಂಡು ನನ್ನ ಮೇಲೆ ಹರಿಹಾಯಬೇಡಿ. ಪುಟಗಳು ನೂರು ದಾಟಿದವು, ಕೈಯಲ್ಲಿ ಬರೆಯುವುದು ಆಗದು ಎಂದಾಗ ಪುಟಗಳನ್ನು ತಾನೇ ಜೋಡಿಸಿಕೊಡುವ ಹ್ಯೂಗೋ ಥರದ ತಂತ್ರಾಂಶ ನೋಡಿ. ಅಲ್ಲಿಯವರೆಗೆ ಅದರ ಹೆಸರೂ ಬೇಡ.

ಡೊಮೇನ್ ಹೆಸರನ್ನು, ಅಂದರೆ ಸೈಟಿನ ವಿಳಾಸವನ್ನು, ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲಿನಿಂದಲೇ ತೆಗೆದುಕೊಳ್ಳಿ. ಭಾವಮೈದುನನ ಸ್ನೇಹಿತನ ಖಾತೆಯಲ್ಲಿ ಬೇಡ. ಅವನು ದುಬೈಗೆ ಹೋಗುತ್ತಾನೆ, ಪಾಸ್‌ವರ್ಡೂ ಜತೆಗೇ ಹೋಗುತ್ತದೆ. ಡೊಮೇನ್ ಕೊಳ್ಳುವ ವಸ್ತುವಲ್ಲ, ಬಾಡಿಗೆ. ಅವಧಿ ಮುಗಿಯುವುದರೊಳಗೆ ಕಟ್ಟದಿದ್ದರೆ ಬೇರೆಯವರ ಪಾಲಾಗಬಹುದು. ಸಂಪರ್ಕ ಸುರಕ್ಷಿತ ಎಂದು ಹೇಳುವ ಪ್ರಮಾಣಪತ್ರಕ್ಕೆ (ಕೆಲವು ಬ್ರೌಸರುಗಳಲ್ಲಿ ವಿಳಾಸದ ಪಕ್ಕ ಬೀಗವಾಗಿ ಕಾಣುವುದು ಇದೇ) ಯಾರಾದರೂ ಬೇರೆ ದುಡ್ಡು ಕೇಳಿದರೆ ಎದ್ದು ಬನ್ನಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2016ರಿಂದ ಅದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ.

ನೋಟ್‌ಪ್ಯಾಡ್ ಎಂದ ಕೂಡಲೇ ಮುಖ ಸಿಂಡರಿಸುತ್ತೀರಲ್ಲ, ಒಂದು ಮಾತು ಕೇಳಿ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ಮಾಡಿದ ಜಗತ್ತಿನ ಮೊದಲ ವೆಬ್‌ಸೈಟಿನ ಹಳೆಯ ಪ್ರತಿಯೊಂದು ಇಂದಿಗೂ ನೋಡಲು ಸಿಗುತ್ತದೆ. ಕಪ್ಪು ಅಕ್ಷರ, ನೀಲಿ ಕೊಂಡಿ, ಒಂದು ಚಿತ್ರವೂ ಇಲ್ಲ. ಈಗಿನ ಮೊಬೈಲಿನಲ್ಲೂ ಕಿರಿಕಿರಿಯಿಲ್ಲದೆ ತೆರೆಯುತ್ತದೆ. ಅದಾದ ಮೇಲೆ ಬಂದ, ಯಾರು ಬೇಕಾದರೂ ಪುಟ ಇಡಬಹುದಾಗಿದ್ದ ಜಿಯೋಸಿಟೀಸ್ ತಾಣದಲ್ಲಿ ಲಕ್ಷಾಂತರ ಜನ ಮನೆ ಮಾಡಿಕೊಂಡಿದ್ದರು, ಮಿನುಗುವ ನಕ್ಷತ್ರ, ಹಿನ್ನೆಲೆ ಸಂಗೀತ ಎಲ್ಲ ಇತ್ತು. 2009ರಲ್ಲಿ ಯಾಹೂ ಅದಕ್ಕೆ ಬಾಗಿಲು ಹಾಕಿತು.

ಈಗ ಮಾಸ್ತರರ ವಿಷಯಕ್ಕೆ ಬರುತ್ತೇನೆ. ನಿಜವಾಗಿ ಹೇಳಬೇಕೆಂದಿದ್ದದ್ದು ಅದೇ.

ಮಾಸ್ತರರು ಫೋರ್ಟಿನ ಕಡೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದವರು. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿ ಸ್ಲೇಟು ಹಿಡಿಯುತ್ತಿದ್ದ ಹುಡುಗರ ಶಾಲೆ ಅದು. ಈಗ ನಿವೃತ್ತರು, ಡೊಂಬಿವಲಿಯಲ್ಲಿ ನಮ್ಮ ಗಲ್ಲಿಯ ಹಿಂದಿನ ಗಲ್ಲಿಯಲ್ಲಿದ್ದಾರೆ. ಒಂದು ಸಂಜೆ ಮನೆಗೆ ಬಂದು ಎರಡು ವಸ್ತುಗಳನ್ನು ಮೇಜಿನ ಮೇಲಿಟ್ಟರು. ಒಂದು ಪೆನ್‌ಡ್ರೈವ್. ಇನ್ನೊಂದು ಗೆರೆ ಹಾಕಿದ ನೋಟುಪುಸ್ತಕ. ಅದರಲ್ಲಿ ಪೆನ್ಸಿಲಿನಿಂದ ಐದು ಕಂಬಸಾಲು ಎಳೆದಿದ್ದರು: ಸಾಧನದ ಹೆಸರು, ವರ್ಷಕ್ಕೆ ಖರ್ಚು, ಗುಣ, ದೋಷ, ಹೇಳಿದವರು. ಹನ್ನೊಂದು ಸಾಧನಗಳು ಆಗಲೇ ತುಂಬಿದ್ದವು. ‘ಗುಣ’ದ ಅಡಿಯಲ್ಲಿ ಒಂದು ಕಡೆ ‘ಮಗಳಿಗೆ ಗೊತ್ತಿದೆ’ ಎಂದಿತ್ತು. ಎಂಟು ತಿಂಗಳಿನಿಂದ ವಿಚಾರಿಸುತ್ತಿದ್ದರಂತೆ. ‘ನೀವು ಹನ್ನೆರಡನೆಯದನ್ನು ಹೇಳಿಬಿಡಿ, ತೀರ್ಮಾನಕ್ಕೆ ಬರುತ್ತೇನೆ’ ಎಂದರು.

‘ಮಾಸ್ತರರೇ, ಮೊದಲು ಪೆನ್‌ಡ್ರೈವಿನಲ್ಲಿ ಏನಿದೆ ನೋಡೋಣ’ ಎಂದೆ.

ಮುನ್ನೂರು ಪುಟಗಳಿದ್ದವು. ತೆರೆದರೆ ಒಂದೇ ಒಂದು ಕನ್ನಡ ಅಕ್ಷರವಿಲ್ಲ. ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಏಳು ಗುರುತುಗಳು ಸಾಲಾಗಿ ನಿಂತಿದ್ದವು: ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೀಟಿರುವ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರು ಎರಡು ಎಸ್‌ಗಳಿಗೆ ಬಳಸುವ ಕೂಡಕ್ಷರ, ಚಿಕ್ಕ ಕ್ಯೂ, ಇನ್ನೊಂದು ಎ. ಮಾಸ್ತರರ ಮುಖ ಬಿಳಿಚಿತು. ‘ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ!’

ಇದೆ, ಯಾಕೆಂದರೆ ಅಲ್ಲಿ ಆ ಅಕ್ಷರಶೈಲಿ ಇದೆ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದವರೆಲ್ಲರ ಕತೆಯೂ ಇದೇ. ಕಡತದೊಳಗೆ ಕೂತಿರುವುದು ರೋಮನ್ ಅಕ್ಷರಗಳೇ. ಅಕ್ಷರಶೈಲಿ ಅವಕ್ಕೆ ಕನ್ನಡದ ಬಣ್ಣ ಬಳಿದು ರಂಗಕ್ಕೆ ಬಿಡುತ್ತದೆ. ಬಣ್ಣ ತೊಳೆದರೆ ಚೌಕಿಯಲ್ಲಿ ಪಿ, ಕ್ಯೂ ಕೂತಿರುತ್ತಾರೆ. ಆ ತಂತ್ರಾಂಶಗಳನ್ನು ಬೈಯುವವನು ನಾನಲ್ಲ. ಬರಹ 1998ರಲ್ಲಿ ಬಂದಾಗ ಸಾಮಾನ್ಯರ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಬೇರೆ ಸುಲಭದ ದಾರಿ ಇರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿ 1991ರಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಓಣಿ ಕೊಟ್ಟಿತ್ತು ನಿಜ, ಆದರೆ ಆ ಓಣಿಗೆ ದೀಪ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಈಗ ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಇದೆ. ಜನ ಮಾತ್ರ ಹಳೆಯ ರೂಢಿ ಬಿಟ್ಟಿಲ್ಲ.

ಹನ್ನೊಂದು ಸಾಧನಗಳಲ್ಲಿ ಯಾವುದಕ್ಕೆ ಆ ಪಠ್ಯವನ್ನು ಅಂಟಿಸಿದ್ದರೂ ಪರದೆಯ ಮೇಲೆ ಪೌಂಡ್ ಚಿಹ್ನೆಯೇ ಕಾಣುತ್ತಿತ್ತು. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ಓದಲಾಗುವುದಿಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ತಲೆಬುಡ ತಿಳಿಯುವುದಿಲ್ಲ. ಎಂಟು ತಿಂಗಳಲ್ಲಿ ಮಾಸ್ತರರಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. ‘ನನ್ನ ಬರಹ ಯಾವ ಸಂಕೇತದಲ್ಲಿದೆ?’ ಎಂದು ನನ್ನನ್ನು ಈವರೆಗೆ ಒಬ್ಬರಾದರೂ ಕೇಳಿದ್ದರೆ ಅವರಿಗೆ ಮಾಟುಂಗದಲ್ಲಿ ನನ್ನ ಖರ್ಚಿನಲ್ಲಿ ಊಟ ಹಾಕಿಸುತ್ತಿದ್ದೆ. ಆಮಂತ್ರಣ, ವರದಿ, ಕವಿತೆ ಎಲ್ಲವನ್ನೂ ಚಿತ್ರ ಮಾಡಿ ಹಾಕುವವರೂ ಇದೇ ಗುಂಪಿಗೆ ಸೇರಿದವರು. ಅಕ್ಷರದ ಫೋಟೋ ಅಕ್ಷರವಲ್ಲ.

ಹಳೆಯ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಮುನ್ನೂರು ಪುಟವನ್ನೂ ಹಾಯಿಸಿದೆವು. ಆದರೆ ಕಣ್ಣು ಮುಚ್ಚಿಕೊಂಡು ನಂಬಬೇಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ‘ಕರ್ನಾಟಕ’ದಲ್ಲಿ ‘ನಾ’ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ ‘ರ’ ಮೊದಲು. ನಾವು ಬಳಸಿದ ಪರಿವರ್ತಕ ಅಲ್ಲಲ್ಲಿ ಇದರಲ್ಲಿ ಎಡವಿತು. ರೋಮನ್ ಲಿಪಿಯಲ್ಲಿದ್ದ ಎಸ್.ಎಸ್.ಸಿ. ಎಂಬುದು ಯಾವ ನಿಘಂಟಿನಲ್ಲೂ ಇಲ್ಲದ ಕನ್ನಡವಾಯಿತು. ಹಾಗಾಗಿ ಸಾಲು ಸಾಲಾಗಿ ಓದಬೇಕಾಯಿತು. ಓದಿದ ಮೇಲೆ ತಿಳಿಯಿತು, ಅದು ಪ್ರಬಂಧವಲ್ಲ, ಶಾಲೆಯ ದಿನಚರಿ. ಒಂದು ದಿನದ್ದು ಪೂರ್ತಿ ಹೀಗಿದೆ: ‘ಇಂದು ಒಂಬತ್ತು ಮಂದಿ. ಇಬ್ಬರಿಗೆ ನಿದ್ದೆ, ಎಬ್ಬಿಸಲಿಲ್ಲ. ಒಬ್ಬನ ಕೈಗೆ ಸಾಂಬಾರು ಬಿದ್ದು ಬೊಕ್ಕೆ, ಬರೆಯಲಾರ. ಅವನಿಗೆ ಬಾಯಿಪಾಠ.’

ನಾನು ಮಾಸ್ತರರ ನೋಟುಪುಸ್ತಕವನ್ನು ಅವರ ಚೀಲಕ್ಕೆ ವಾಪಸು ಹಾಕಿದೆ.

ಮುಂದಿನ ಭಾನುವಾರ ನೋಟ್‌ಪ್ಯಾಡ್ ತೆರೆದೆವು. ತೆರೆದ ಗುರುತನ್ನು ಮುಚ್ಚಬೇಕು ಎಂಬುದು ಉದ್ಧರಣ ಚಿಹ್ನೆ ಕಲಿಸಿದವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಶೀರ್ಷಿಕೆಗೆ ಒಂದರಿಂದ ಆರರವರೆಗೆ ದರ್ಜೆಗಳಿವೆ ಎಂದಾಗ ಅವರಿಗೆ ಖುಷಿಯಾಯಿತು. ಕಡತದ ತಲೆಯಲ್ಲಿ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ವಿಧಾನ) ಎಂದು ಘೋಷಿಸುವ ಒಂದು ಸಾಲು, ಭಾಷೆ ಕನ್ನಡ ಎಂದು ತಿಳಿಸುವ ಗುರುತು, ಮೊಬೈಲಿನ ಅಗಲಕ್ಕೆ ಹೊಂದಿಸುವ ಇನ್ನೊಂದು ಸಾಲು: ಈ ಮೂರನ್ನು ಅವರು ಶ್ರೀಕಾರದಂತೆ ಪ್ರತಿ ಪುಟದ ಮೇಲೂ ಬರೆಯುತ್ತಾರೆ. ಮೊದಲನೆಯದನ್ನು ಬಿಟ್ಟರೆ ಏನಾಗಬಹುದು ಎಂದು ತೋರಿಸಿದೆ: ನೆಟ್ಟಗಿದ್ದ ಕನ್ನಡ ಮತ್ತೆ ಗೀಟಿನ ಎ ಆಗುತ್ತದೆ, ಪಕ್ಕದಲ್ಲಿ ಪುಟಾಣಿ ಎರಡೋ ಮೂರೋ ಏರಿ ಕೂರುತ್ತದೆ. ನನ್ನ ಕಾಲದ ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಸಂಕೇತವನ್ನು ನಾವೇ ಆರಿಸಬೇಕಿತ್ತು. ಅದು ಎಚ್ಚರಿಸಿದರೂ ಲೆಕ್ಕಿಸದೆ ‘ಸರಿ’ ಒತ್ತಿ, ಎರಡು ಗಂಟೆಯ ಕೆಲಸವನ್ನು ಪ್ರಶ್ನಾರ್ಥಕ ಚಿಹ್ನೆಗಳ ರಾಶಿ ಮಾಡಿಕೊಂಡವನು ನಾನು. 2019ರಿಂದ ಯುಟಿಎಫ್-8 ತಾನಾಗಿಯೇ ಇರುತ್ತದೆ. ನೀವು ಪುಣ್ಯವಂತರು.

ಕಡತದ ಹೆಸರುಗಳನ್ನು ಸಣ್ಣ ರೋಮನ್ ಅಕ್ಷರಗಳಲ್ಲೇ ಇಡಿ. ಮನೆಯ ವಿಂಡೋಸ್ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎಂದು ಭೇದ ಮಾಡುವುದಿಲ್ಲ. ಪುಟವನ್ನಿಡುವ ಸರ್ವರ್ ಸಾಮಾನ್ಯವಾಗಿ ಲಿನಕ್ಸ್, ಅದು ಮಾಡುತ್ತದೆ. ಮನೆಯಲ್ಲಿ ಕಂಡ ಚಿತ್ರ ಹೊರಗೆ ಮಾಯವಾಗಲು ಇದೊಂದು ಕಾರಣ, ಸಿ ಡ್ರೈವ್ ಇನ್ನೊಂದು. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೋವನ್ನು ಕುಗ್ಗಿಸದೆ ಹಾಕಬೇಡಿ. ಮಾಸ್ತರರ ಪುಟದಲ್ಲಿ ಬರೀ ಅಕ್ಷರ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ತಗಲಿದರೂ ಒಂದು ತಿಂಗಳ ದಿನಚರಿ ಇಪ್ಪತ್ತೈದು ಕೆಬಿ ದಾಟುವುದಿಲ್ಲ. ಲೋಕಲ್ ರೈಲು ಡೊಂಬಿವಲಿ ಬಿಡುವ ಮೊದಲೇ ಪುಟ ಪೂರ್ತಿ ಇಳಿದಿರುತ್ತದೆ.

ಪುಟ ಹೊರಗೆ ಬಂದು ನಾಲ್ಕು ತಿಂಗಳಾಯಿತು. ಕಳೆದ ವಾರ ಪೂಜೆಯೊಂದರಲ್ಲಿ ಒಬ್ಬರು ಮಾಸ್ತರರನ್ನು ಹಿಡಿದುಕೊಂಡು ‘ಬಹಳ ಚೊಕ್ಕವಾಗಿದೆ, ಯಾವುದರಲ್ಲಿ ಮಾಡಿದಿರಿ?’ ಎಂದು ಕೇಳಿದರು. ‘ನೋಟ್‌ಪ್ಯಾಡಿನಲ್ಲಿ’ ಎಂದರು ಮಾಸ್ತರರು. ಆ ಮನುಷ್ಯ ನಕ್ಕು, ಪ್ರಸಾದದ ದೊನ್ನೆ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು.

‘ಅವರು ಗುಟ್ಟು ಬಿಟ್ಟುಕೊಡುತ್ತಿಲ್ಲ’ ಎಂದರು. ‘ನೀವಾದರೂ ಹೇಳಿ, ಯಾವುದರಲ್ಲಿ ಮಾಡಲಿ?’