ನಡೆಯೋರನ್ನ ಎಣಿಸಿದ್ದೆ, ನಿಂತೋರನ್ನ ಬಿಟ್ಟಿದ್ದೆ: ಒಂದು ಸ್ಕೈವಾಕ್ ಕೆಲಸದ ಕಥೆ

ನಾನು ಸಿವಿಲ್ ಇಂಜಿನಿಯರ್, ಬೆಂಗಳೂರಲ್ಲಿ ಸ್ಟೀಲ್ ಸ್ಟ್ರಕ್ಚರ್ ಮಾಡೋ ಒಂದು ಕಂಪನಿಲಿದೀನಿ. ಕೆಲವು ವರ್ಷದ ಹಿಂದೆ ಒಂದು ಹಳೇ ಸ್ಕೈವಾಕ್, ಅಂದ್ರೆ ಜನ ರಸ್ತೆ ದಾಟೋ ಮೇಲ್ಸೇತುವೆ, ತೆಗೆದು ಹೊಸದು ಹಾಕೋ ಕೆಲಸ ಬಂತು. ಜಾಗದ ಹೆಸರು ಬೇಡ ಬಿಡಿ. ಒಂದ್ ಕಡೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು, ಇನ್ನೊಂದ್ ಕಡೆ ಬಸ್ ಸ್ಟಾಪು, ನಡುವೆ ದಾಟೋಕೇ ಆಗದಂಥ ರಸ್ತೆ ಅಂದ್ರೆ ಈ ಊರಲ್ಲಿರೋರಿಗೆ ನಾಲ್ಕೈದು ಜಾಗ ಕಣ್ಮುಂದೆ ಬರತ್ತೆ, ಅದ್ರಲ್ಲೊಂದು ಅನ್ಕೊಳಿ.

ಹಳೇದರ ಡೆಕ್, ಅಂದ್ರೆ ಮೇಲೆ ನಡೆಯೋ ದಾರಿ, 2 ಮೀಟರ್ ಅಗಲ, ಮೆಟ್ಟಿಲು 1.5 ಮೀಟರ್. ಸಂಜೆ ಹೊತ್ತು ಕಾಲಿಡೋಕೆ ಜಾಗ ಇರಲ್ಲ ಅಂತ ಕಂಪ್ಲೇಂಟ್ ಮೇಲೆ ಕಂಪ್ಲೇಂಟು. ಎಷ್ಟು ಜನ ದಾಟ್ತಾರೆ ಅಂತ ಸರ್ವೆ ಮಾಡೋ ಕೆಲಸ ನನ್ ತಲೆಗೆ ಬಂತು. ಇಬ್ಬರು ಹುಡುಗರನ್ನ ಕರ್ಕೊಂಡ್ ಹೋಗಿ ಡೆಕ್ ನಟ್ಟನಡುವೆ ಪ್ಲಾಸ್ಟಿಕ್ ಸ್ಟೂಲ್ ಹಾಕೊಂಡು, ಕೈಯಲ್ಲಿ ಕೌಂಟರ್ ಒತ್ತುತ್ತಾ, 15 ನಿಮಿಷಕ್ಕೊಂದ್ ಸಲ ಬರ್ಕೊಂಡು, ಗಂಟೆ ಲೆಕ್ಕಕ್ಕೆ ಕೂಡಿಸಿ ಎಕ್ಸೆಲ್‌ಗೆ ಹಾಕಿದೆ. ಡೆಕ್ 3 ಮೀಟರ್, ಮೆಟ್ಟಿಲು 2 ಮೀಟರ್ ಮಾಡಿದ್ರೆ ಆರಾಮ್ ಅಂತ ಬಂತು. ಗ್ರಾಫ್ ಎಲ್ಲಾ ಹಾಕಿ ಚೆನ್ನಾಗೇ ರಿಪೋರ್ಟ್ ಮಾಡಿದ್ದೆ, ಯಾರೂ ಒಂದ್ ಪ್ರಶ್ನೆ ಕೇಳ್ಲಿಲ್ಲ, ಡ್ರಾಯಿಂಗ್ ಹೊರಟೇ ಹೋಯ್ತು.

ಆಮೇಲೊಂದಿನ ಸಂಜೆ ಮಣ್ಣು ಪರೀಕ್ಷೆ ಕೆಲಸ ನೋಡೋಕೆ ಹೋಗಿದ್ದೆ. ಜೋರು ಮಳೆ ಶುರುವಾಯ್ತು, ನಾನೂ ಓಡಿ ಸ್ಕೈವಾಕ್ ಮೇಲೇ ಹತ್ತಿದೆ. ಹಳೇದಕ್ಕೆ ಚಾವಣಿ ಶೀಟ್ ಇದ್ದಿದ್ದು ಡೆಕ್ಕಿಗೆ ಮಾತ್ರ, ಮೆಟ್ಟಿಲಿಗೆ ಇರಲಿಲ್ಲ. ಹಾಗಾಗಿ ದಾಟಿ ಬಂದೋರು ಯಾರೂ ಕೆಳಗೆ ಇಳೀತಿಲ್ಲ, ಮಳೆ ನಿಲ್ಲಲಿ ಅಂತ ಶೀಟ್ ಮುಗಿಯೋ ಜಾಗದಲ್ಲೇ ನಿಂತ್ಬಿಟ್ರು. ಅಷ್ಟೊತ್ತಿಗೆ ಸರಿಯಾಗಿ ಫ್ಯಾಕ್ಟರಿ ಬಿಡ್ತು. ಆ ಕಡೆಯಿಂದ ಹತ್ತೋರಿಗೆ ಈ ಕಡೆ ಏನಾಗಿದೆ ಅಂತ ಕಾಣಲ್ಲ, ಅವ್ರು ಹತ್ತತಾನೇ ಇದಾರೆ, ಹಿಂದಿನೋರು ನೂಕ್ತಿದಾರೆ, ಮುಂದೆ ಜಾಗ ಇಲ್ಲ. ನನ್ ಕೈ ಎತ್ತಿ ಕನ್ನಡಕ ಸರಿ ಮಾಡ್ಕೊಳೋಕೂ ಆಗ್ಲಿಲ್ಲ, ಪಕ್ಕದಲ್ಲಿದ್ದ ಅಕ್ಕನ ಟಿಫನ್ ಬಾಕ್ಸ್ ಪಕ್ಕೆಗೆ ಒತ್ತುತಾ ಇತ್ತು. ಒಬ್ಬರು ಟ್ರಾಫಿಕ್ ಪೊಲೀಸ್ ಕೆಳಗಡೆ ಗಮನಿಸಿ ಆ ಕಡೆ ಹತ್ತೋರನ್ನ ತಡೆದು ನಿಲ್ಲಿಸಿದ್ರು. ಯಾರಿಗೂ ಏನೂ ಆಗ್ಲಿಲ್ಲ, ಕೆಳಗೆ ಇಳಿದ್ಮೇಲೆ ನೋಡಿದ್ರೆ ಮೆಟ್ಟಿಲ ಮೇಲೆ ಐದಾರು ಒಂಟಿ ಚಪ್ಪಲಿ ಬಿದ್ದಿದ್ವು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನೆನಪಾಗಿದ್ದು 2017ರ ಸೆಪ್ಟೆಂಬರ್ 29. ಆಯುಧ ಪೂಜೆ ದಿನ, ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ಸೈಟಲ್ಲಿ ಕ್ರೇನಿಗೆ ಹಾರ ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತಿದ್ವಿ, ಫೋನಲ್ಲಿ ಸುದ್ದಿ ಬಂತು: ಮುಂಬೈ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ ಫುಟ್‌ಬ್ರಿಡ್ಜಲ್ಲಿ ನೂಕುನುಗ್ಗಲು. 23 ಜನ ಹೋದ್ರು. ಅಲ್ಲಿ ಬ್ರಿಡ್ಜ್ ಬೀಳಲಿಲ್ಲ ಅನ್ನೋದು ನೆನಪಿಡಿ. ಜೋರು ಮಳೆ, ಇಳಿಯದೆ ನಿಂತ ಜನ, ಹಿಂದಿನಿಂದ ಟ್ರೈನ್ ಇಳಿದು ಬರ್ತಾನೇ ಇದ್ದ ಜನ, ಕಿರಿದಾದ ಮೆಟ್ಟಿಲು, ಅಷ್ಟೇ. ಆಮೇಲೆ ಸೇನೆಯವರನ್ನ ಕರೆಸಿ ಹೊಸದು ಕಟ್ಟಿಸಿ 2018ರ ಫೆಬ್ರವರಿ 27ಕ್ಕೆ ತೆರೆದರು. ನಾನು ಕಾಗದದ ಮೇಲೆ ಬರೆದಿದ್ದ ಹೊಸ ಸ್ಕೈವಾಕಲ್ಲೂ ಶೀಟು ಡೆಕ್ಕಿಗೆ ಮಾತ್ರ ಇತ್ತು.

ನಮ್ಮೋರು ಬ್ರಿಡ್ಜ್ ಅಂದ್ರೆ ಮೊದಲು ಲೋಡ್ ಲೆಕ್ಕ ಹಾಕ್ತಾರೆ. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಕೋಡ್ ಪ್ರಕಾರ ಜನ ಸೇರೋ ಕಡೆ ಚದರ ಮೀಟರ್‌ಗೆ 500 ಕೆಜಿ ಹಿಡಿಯೋದು. ಒಂದು ಚದರ ಮೀಟರಲ್ಲಿ ಆರು ಜನ ಅಂದ್ರೆ ಮೈಗೆ ಮೈ ಅಂಟ್ಕೊಂಡಿರೋ ಪರಿಸ್ಥಿತಿ, ತಲೆಗೆ 65 ಕೆಜಿ ಹಿಡಿದ್ರೂ 390 ಆಯ್ತು. ಅಂದ್ರೆ ಬ್ರಿಡ್ಜ್ ಹೊರೋ ಗರ್ಡರ್ ತೊಲೆ ಅಲುಗಾಡೋ ಮುಂಚೆನೇ ಜನ ಉಸಿರು ಕಟ್ಟಿ ಬೀಳ್ತಾರೆ. ಸ್ಟೀಲ್ ಪಾಸಾಯ್ತು ಅಂತ ನಾವು ಸಮಾಧಾನವಾಗಿರ್ತೀವಿ.

ಇನ್ನೊಂದು ತಪ್ಪು ನನ್ನ ಎಕ್ಸೆಲ್‌ದು. 15 ನಿಮಿಷಕ್ಕೆ 450 ಜನ ಅಂತ ಬರೆದ್ರೆ ನಿಮಿಷಕ್ಕೆ 30, ಏನೂ ಅಲ್ಲ ಅನ್ಸತ್ತೆ. ಆದ್ರೆ ಫ್ಯಾಕ್ಟರಿ ಬಿಟ್ಟಾಗ ಆ 450 ಜನನೂ ಮೂರ್ ನಿಮಿಷದಲ್ಲಿ ಬರ್ತಾರೆ, ಅಂದ್ರೆ ನಿಮಿಷಕ್ಕೆ 150. ಒತ್ತೊತ್ತಾಗಿ ನಡೆದ್ರೂ ಸಮತಟ್ಟು ದಾರೀಲಿ ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಜನ ಹೋಗಬಹುದು, ಮೆಟ್ಟಿಲಲ್ಲಿ 50ರಿಂದ 55, ಅದೂ ಎದುರಿಗೆ ಯಾರೂ ಬರದೇ ಇದ್ರೆ. ನಾನು ಡೆಕ್ 3 ಮೀಟರ್ ಮಾಡಿ ಮೆಟ್ಟಿಲು 2 ಮೀಟರ್ ಇಟ್ಟಿದ್ದೆ, ಅಂದ್ರೆ ಮೆಟ್ಟಿಲಲ್ಲಿ ನಿಮಿಷಕ್ಕೆ ಹೆಚ್ಚಂದ್ರೆ 110 ಜನ. ಮೇಲಿನ ಬಾಯಿ ದೊಡ್ಡದು, ಕೆಳಗಿನ ಕೊಳವೆ ಸಣ್ಣದು, ಪಕ್ಕಾ ಆಲಿಕೆ!

ಮರುದಿನದಿಂದ ಸ್ಟೂಲ್ ಎತ್ಕೊಂಡು ಮೆಟ್ಟಿಲ ತುದೀಲಿ ಕೂತೆ. ಅಲ್ಲೊಂದು ವಿಚಿತ್ರ, ಮಳೆ ಇಲ್ಲದಿದ್ರೂ ಜನ ಇಳಿಯೋ ಮುಂಚೆ ಅಲ್ಲೇ ಒಂದ್ ಗಳಿಗೆ ನಿಲ್ತಾರೆ. ಯಾಕಕ್ಕ ಇಲ್ಲೇ ನಿಲ್ತೀರ ಅಂತ ಒಬ್ಬರನ್ನ ಕೇಳಿದ್ರೆ, "ಅಯ್ಯೋ ಬಸ್ ನೋಡ್ಬೇಕಲ್ಲ ಸಾರ್, ನಮ್ ನಂಬರ್ ಬಂತಾ ಅಂತ ನೋಡ್ಕೊಂಡೇ ಇಳಿಯೋದು" ಅಂದ್ರು. ಡೆಕ್ ಉದ್ದಕ್ಕೂ ಜಾಹೀರಾತು ಬೋರ್ಡು, ರಸ್ತೆ ಕಾಣಲ್ಲ. ಬಸ್ ನಂಬರ್ ಕಾಣೋದು ಬೋರ್ಡ್ ಮುಗಿದು ಮೆಟ್ಟಿಲು ಶುರುವಾಗೋ ಆ ಒಂದೂವರೆ ಮೀಟರ್ ಸಂದೀಲಿ ಮಾತ್ರ. ಎಲ್ಲರೂ ಅಲ್ಲೇ ಇಣುಕ್ತಾರೆ. ಎರಡು ದಿನ ಡೆಕ್ ಮೇಲೇ ಕೂತಿದ್ದೋನು ಇದನ್ನ ನೋಡೇ ಇರಲಿಲ್ಲ, ಯಾಕಂದ್ರೆ ನನ್ ಕೌಂಟರಿಗೆ ಬೇಕಾಗಿದ್ದು ದಾಟೋ ತಲೆ ಮಾತ್ರ.

ತಿದ್ದುಪಡಿ ತಗೊಂಡು ನಮ್ ಪ್ರಾಜೆಕ್ಟ್ ಮ್ಯಾನೇಜರ್ ಹತ್ರ ಹೋದೆ. ಬೈದ್ರು, ಬೈಯ್ಯಲೇಬೇಕಿತ್ತು, ಫೌಂಡೇಶನ್ ಡ್ರಾಯಿಂಗ್ ಅಪ್ರೂವ್ ಆಗಿ ಕೂತಿದೆ. ಮೆಟ್ಟಿಲನ್ನ ಡೆಕ್‌ನಷ್ಟೇ ಅಗಲ ಮಾಡೋಕೆ ಫುಟ್‌ಪಾತಲ್ಲಿ ಜಾಗ ಇಲ್ಲ. ಕೊನೆಗೆ ಎರಡು ದಿಕ್ಕಿಗೂ ಒಂದೊಂದು 2 ಮೀಟರ್ ಮೆಟ್ಟಿಲು, ಮೇಲೆ ಮೆಟ್ಟಿಲು ಶುರುವಾಗೋ ಕಡೆ ಅಗಲವಾದ ಲ್ಯಾಂಡಿಂಗ್ ಕಟ್ಟೆ, ಶೀಟು ಕೊನೇ ಮೆಟ್ಟಿಲ ತನಕ, ಬಸ್ ಸ್ಟಾಪ್ ಕಡೆ ಬೋರ್ಡ್ ಬದಲು ಜಾಲರಿ ಅಂತ ಒಪ್ಪಿದ್ರು. ಬೋರ್ಡ್ ತೆಗೆಯೋ ವಿಷಯಕ್ಕೇ ಎಲ್ಲಕ್ಕಿಂತ ಜಾಸ್ತಿ ಮೀಟಿಂಗ್ ಆಗಿದ್ದು, ದುಡ್ಡು ಬರೋದು ಅಲ್ಲಿಂದ್ಲೇ ನೋಡಿ.

ಹಳೇದನ್ನ ಮೊದಲೇ ಕೆಡವಿ ಹೊಸದು ಹಾಕಿದ್ರೆ ಬೇಗ ಮುಗಿಯತ್ತೆ ಅಂತ ಒಂದು ಸಲಹೆ ಬಂದಿತ್ತು. ಅಲ್ಲಿವರೆಗೆ ಜನ ಏನ್ ಮಾಡ್ಬೇಕು, ರಸ್ತೆ ನಡುವಿನ ಡಿವೈಡರ್ ಹಾರಿ ಓಡ್ಬೇಕಾ? ಪಕ್ಕದಲ್ಲೇ ಹೊಸದು ನಿಲ್ಲಿಸಿ, ಜನರನ್ನ ಅದಕ್ಕೆ ತಿರುಗಿಸಿ, ಆಮೇಲೆ ಹಳೇದಕ್ಕೆ ಗ್ಯಾಸ್ ಕಟರ್ ಹಿಡಿದ್ವಿ. ಗರ್ಡರ್ ಎತ್ತಿದ್ದು ರಾತ್ರಿ ಹನ್ನೊಂದರ ಮೇಲೆ, ಟ್ರಾಫಿಕ್ ಪೊಲೀಸರು ಕೊಟ್ಟ ಸಮಯದೊಳಗೆ, ಕೆಳಗಿನ ರಸ್ತೆಗೆ 5.5 ಮೀಟರ್ ಎತ್ತರ ಬಿಟ್ಟು. ಆ ಎತ್ತರದ ಜೊತೆ ಗರ್ಡರ್ ದಪ್ಪನೂ ಸೇರಿದ್ರೆ ನಲವತ್ತಕ್ಕೂ ಮೇಲೆ ಮೆಟ್ಟಿಲು ಆಗತ್ತೆ. ದಿನವಿಡೀ ಮಿಷನ್ ಮುಂದೆ ದುಡಿದು ಬಂದೋರಿಗೆ ಅದೇನು ಅಂತ ಎಸಿ ರೂಮಲ್ಲಿ ಕೂತು ಗೊತ್ತಾಗಲ್ಲ. ಲಿಫ್ಟ್ ಇಟ್ಟಿದೀವಿ.

ತೆರೆದ ಮೇಲೆ ಮೊದಲ ಜೋರು ಮಳೆಗೆ ನಾನೇ ಹೋಗಿ ಲ್ಯಾಂಡಿಂಗಲ್ಲಿ ನಿಂತೆ. ಜನ ನಿಲ್ಲದೆ ಇಳೀತಿದ್ರು, ಬಸ್ ನೋಡೋರು ಜಾಲರಿ ಕಡೆ ಸರೀತಿದ್ರು, ನಂಗೆ ಒಳಗೊಳಗೇ ಖುಷಿ. ಆಮೇಲೆ ಕೆಳಗೆ ಇಳಿದು ನೋಡಿದ್ರೆ ಕೊನೇ ಮೆಟ್ಟಿಲ ಪಕ್ಕ, ಲಿಫ್ಟ್ ಬಾಗಿಲ ಮುಂದೆ, ಮೂವತ್ತು ಜನ ಗುಂಪಾಗಿ ನಿಂತಿದಾರೆ. ಕೆಳಗಡೆ ಮಳೆ ಬೀಳದೆ ಇರೋದು ಅದೊಂದೇ ಜಾಗ, ಬಸ್ ಸ್ಟಾಪಿಗೆ ಶೆಲ್ಟರ್ ಇಲ್ಲ. ಅದು ನಮ್ ಸ್ಕೋಪಲ್ಲಿ ಬರಲ್ಲ ಅಂತ ಮ್ಯಾನೇಜರ್ ಅಂದ್ರು. ಮುಂದಿನ ವಾರ ಉಳಿದಿದ್ದ ಶೀಟು, ನಾಲ್ಕು ಪೈಪು ತಗೊಂಡು ವೆಲ್ಡರ್ ಜೊತೆ ಹೋಗಿ ಸ್ಟಾಪ್ ಕಡೆಗೆ ಮೂರು ಮೀಟರ್ ಚಾವಣಿ ಇಳಿಸಿ ಬಂದೆ. ಬಿಲ್ಲಲ್ಲಿ ಅದು ಎಲ್ಲೂ ಇಲ್ಲ.